ಸೆಟವಿಗಿಂತ ಮೊದಲು ಬರಬೇಕಾದ ಸೂಜಿ

ಅಂಬರನಾಥ, ಬದಲಾಪುರ, ಉಲ್ಲಾಸನಗರ, ಕಲ್ಯಾಣ, ಡೊಂಬಿವಲಿ. ಮಹಾರಾಷ್ಟ್ರದ ಈ ಊರುಗಳ ಸಾಲಿನಲ್ಲಿ ಸಂಸಾರ ಹೂಡಿರುವ ಕನ್ನಡಿಗರ ಮನೆಗಳಲ್ಲಿ ಒಂದು ವಾಡಿಕೆ ಇನ್ನೂ ಗಟ್ಟಿಯಾಗಿ ಉಳಿದಿದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಕುಬಸವೋ ಸೀಮಂತವೋ ಮುಗಿಯುತ್ತಲೇ ವಿಜಯಪುರದ ಕಡೆಯ ಹುಡುಗಿ ಕಲ್ಯಾಣದಲ್ಲಿ ಗದಗ ಕಡೆಯ ಗಾಡಿ ಹತ್ತುತ್ತಾಳೆ. ಕಲಬುರಗಿಯವಳಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಉಡುಪಿ, ಕುಂದಾಪುರದವಳು ಠಾಣೆಗೆ ಹೋಗಿ ಮತ್ಸ್ಯಗಂಧ ಹಿಡಿಯುತ್ತಾಳೆ. ಎರಡನೆಯ ಹೆರಿಗೆಯ ಹೊತ್ತಿಗೆ ಮೊದಲ ಮಗುವಿನ ಶಾಲೆ, ಗಂಡನ ಡ್ಯೂಟಿ, ರಜೆ ಎಲ್ಲ ಅಡ್ಡ ಬಂದು ಇಲ್ಲಿಯೇ ಆಗಿಬಿಡುತ್ತದೆ: ಅಂಬರನಾಥದ ಛಾಯಾ ಆಸ್ಪತ್ರೆ, ಉಲ್ಲಾಸನಗರದ ಸೆಂಟ್ರಲ್ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ, ಇಲ್ಲವೇ ಮನೆ ಹತ್ತಿರದ ಯಾವುದಾದರೂ ನರ್ಸಿಂಗ್ ಹೋಮ್.

ಮಗು ಎಲ್ಲೇ ಹುಟ್ಟಲಿ, ಫೋನಿನಲ್ಲಿ ಕೇಳಿಬರುವ ಪ್ರಶ್ನೆಗಳು ಒಂದೇ. ಗಂಡೋ ಹೆಣ್ಣೋ? ತೂಕ ಎಷ್ಟು? ನಾರ್ಮಲ್ಲೋ ಸಿಸೇರಿಯನ್ನೋ? ಯಾವ ನಕ್ಷತ್ರ? ‘ಹೆಪಟೈಟಿಸ್ ಬಿ ಸೂಜಿ ಆಯಿತೇ, ಎಷ್ಟು ಹೊತ್ತಿಗೆ ಆಯಿತು?’ ಎಂದು ಕೇಳಿದ ಅಜ್ಜ ಅಜ್ಜಿಯರನ್ನು ನಾನಿನ್ನೂ ಕಂಡಿಲ್ಲ. ಪೋಲಿಯೊ ಹನಿ ಎಲ್ಲರಿಗೂ ಗೊತ್ತು. ಬಿಸಿಜಿ ತೋಳಿನ ಮೇಲೆ ಗುರುತು ಬಿಡುವುದರಿಂದ ಅದೂ ನೆನಪಿನಲ್ಲಿರುತ್ತದೆ. ತೊಡೆಗೆ ಹಾಕುವ ಈ ಅರ್ಧ ಮಿಲಿಲೀಟರ್ ಮದ್ದು ಗುರುತು ಬಿಡುವುದಿಲ್ಲ, ಹೆಚ್ಚಿನ ಮಕ್ಕಳಿಗೆ ಜ್ವರವನ್ನೂ ತರುವುದಿಲ್ಲ. ಗಲಾಟೆ ಮಾಡದವರನ್ನು ಯಾರು ವಿಚಾರಿಸುತ್ತಾರೆ? ಇವತ್ತಿನ ನನ್ನ ಮಾತೆಲ್ಲ ಈ ಸೂಜಿಯ ಬಗ್ಗೆ, ಅದರಲ್ಲೂ ಅದರ ಹೊತ್ತಿನ ಬಗ್ಗೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಕಾಮಾಲೆ ಎಂದ ಕೂಡಲೇ ನಮ್ಮ ಊರಿನವರು ನೀರನ್ನು ದೂರುತ್ತಾರೆ. ಅಂಬರನಾಥದ ಶಿವಮಂದಿರದ ಮಗ್ಗುಲಲ್ಲಿ ಹರಿಯುವ ವಾಲಧುನಿ ನದಿಯ ಈಗಿನ ಗತಿಯನ್ನು ನೋಡಿದವರಿಗೆ ನೀರಿನ ಭಯ ಇರಬೇಕಾದದ್ದೇ. ಮಳೆಗಾಲದಲ್ಲಿ ಒಡೆದ ಪೈಪಿಗೆ ಗಟಾರದ ನೀರು ಸೇರಿದರೆ ಬರುವುದು ಹೆಪಟೈಟಿಸ್ ‘ಎ’ ಮತ್ತು ‘ಇ’. ಬಾರವಿ ಅಣೆಕಟ್ಟಿನ ನೀರಿರಲಿ, ಚಿಖಲೋಲಿ ಅಣೆಕಟ್ಟಿನ ನೀರಿರಲಿ, ಕುದಿಸಿ ಆರಿಸಿ ಕುಡಿದರೆ ಅವನ್ನು ಬಹುಮಟ್ಟಿಗೆ ತಡೆಯಬಹುದು. ‘ಬಿ’ಯ ದಾರಿಯೇ ಬೇರೆ. ಅದು ರಕ್ತದಿಂದ ಬರುತ್ತದೆ. ಸರಿಯಾಗಿ ಪರೀಕ್ಷಿಸದೆ ಕೊಟ್ಟ ರಕ್ತ, ಒಬ್ಬರಿಗೆ ಚುಚ್ಚಿ ಮತ್ತೊಬ್ಬರಿಗೆ ಬಳಸಿದ ಸಿರಿಂಜು, ಹಂಚಿಕೊಂಡ ರೇಜರ್ ಬ್ಲೇಡು, ಲೈಂಗಿಕ ಸಂಪರ್ಕ, ಮತ್ತು ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಈ ರೋಗ ಹಬ್ಬಿ ಹತ್ತಾರು ಜನ ಸತ್ತದ್ದು ಕೆಲವರಿಗಾದರೂ ನೆನಪಿರಬಹುದು. ಮೈಯಿಂದ ಹೊರಬಿದ್ದು ಒಣಗಿದ ರಕ್ತದ ಕಲೆಯಲ್ಲೂ ಈ ವೈರಾಣು ಏಳು ದಿನವಾದರೂ ಬದುಕಿರಬಲ್ಲದು. ಆದರೆ ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡರೆ, ಕೆಮ್ಮಿದರೆ, ಒಂದೇ ಬಚ್ಚಲು ಬಳಸಿದರೆ ಬರುವುದಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ, ಮುಂದೆ ಆ ಮಾತು ಬರುತ್ತದೆ.

ಈ ವೈರಾಣುವಿನ ವಿಚಿತ್ರ ಇರುವುದು ವಯಸ್ಸಿನ ಲೆಕ್ಕದಲ್ಲಿ. ದೊಡ್ಡವರಿಗೆ ತಗುಲಿದರೆ ನೂರಕ್ಕೆ 95 ಮಂದಿಯ ಮೈ ಅದನ್ನು ಹೊರಹಾಕಿಬಿಡುತ್ತದೆ. ಕಣ್ಣು ಹಳದಿಯಾಗಿ, ಒಂದೆರಡು ತಿಂಗಳು ಸುಸ್ತಾಗಿ ಎದ್ದು ಕೂರುತ್ತಾರೆ. ಹುಟ್ಟುವಾಗಲೇ ತಗುಲಿದ ಮಕ್ಕಳಲ್ಲಿ ಲೆಕ್ಕ ತಿರುಗುಮುರುಗು: ನೂರರಲ್ಲಿ ಸುಮಾರು 90 ಮಕ್ಕಳ ಮೈಯಲ್ಲಿ ಅದು ಶಾಶ್ವತವಾಗಿ ನೆಲೆಯೂರುತ್ತದೆ. ಎಳೆಯ ಮೈಗೆ ಇದು ತನ್ನದೋ ಪರರದೋ ಎಂದು ಗುರುತಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹಾಗಾಗಿ ಜಗಳವೇ ಇಲ್ಲ, ಕಾಮಾಲೆಯೂ ಇಲ್ಲ. ಮಗು ಹಾಲು ಕುಡಿಯುತ್ತದೆ, ಅಂಬೆಗಾಲಿಡುತ್ತದೆ, ಶಾಲೆಗೆ ಹೋಗುತ್ತದೆ, ಮುಂದೆ ಆನಂದನಗರದ ಎಂಐಡಿಸಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೂ ಸೇರುತ್ತದೆ. ಮೂವತ್ತೋ ನಲವತ್ತೋ ದಾಟಿದ ಮೇಲೆ, ಸಂಸಾರದ ಭಾರವೆಲ್ಲ ಹೆಗಲ ಮೇಲಿರುವ ಹೊತ್ತಿನಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿದಾಗ ಲಿವರ್ ಗಟ್ಟಿಯಾಗಿರುವುದು ಗೊತ್ತಾಗುತ್ತದೆ. ಕೆಲವರಿಗೆ ಲಿವರಿನ ಕ್ಯಾನ್ಸರ್. 2022ರ ಹೊತ್ತಿಗೆ ನಮ್ಮ ದೇಶದಲ್ಲಿ 2 ಕೋಟಿ 98 ಲಕ್ಷ ಜನರ ಮೈಯಲ್ಲಿ ಈ ವೈರಾಣು ಇತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಮಂದಿಗೆ ಅದು ಗೊತ್ತೇ ಇಲ್ಲ.

ಹುಟ್ಟಿದ ಐದನೆಯ ರಾತ್ರಿ ಸೆಟವಿ ಬಂದು ಮಗುವಿನ ಹಣೆಬರಹ ಬರೆಯುತ್ತಾಳೆ ಎಂಬುದು ಉತ್ತರ ಕರ್ನಾಟಕದ ನಂಬಿಕೆ. ಇಲ್ಲಿಯ ಮರಾಠಿ ನೆರೆಯವರಲ್ಲೂ ಅದೇ ನಂಬಿಕೆ ಇದೆ, ಅವರಿಗೆ ಆಕೆ ಸಟವಾಯಿ. ಬಾಣಂತಿ ಕೋಣೆಯಲ್ಲಿ ದೀಪ ಹಚ್ಚಿ, ಬರೆಯಲು ಅನುಕೂಲವಾಗಲಿ ಎಂದು ಬಿಳಿ ಹಾಳೆ, ಪೆನ್ನು ಇಡುವ ಮನೆಗಳನ್ನು ಅಂಬರನಾಥದಲ್ಲೇ ನೋಡಿದ್ದೇನೆ. ಇಡಲಿ, ಬೇಡ ಎನ್ನುವುದಿಲ್ಲ. ಆದರೆ ಹೆಪಟೈಟಿಸ್ ಬಿ ಐದನೆಯ ರಾತ್ರಿಯವರೆಗೆ ಕಾಯುವುದಿಲ್ಲ. ಹೆರಿಗೆಯ ವೇಳೆ ತಾಯಿಯ ರಕ್ತದ ಜೊತೆ ಮಗುವಿನ ಮೈ ಸೇರಿದ ವೈರಾಣು ಲಿವರಿನಲ್ಲಿ ಬೀಡುಬಿಡುವ ಮೊದಲೇ ಮೈಯನ್ನು ಎಚ್ಚರಿಸಬೇಕು. ಅದಕ್ಕೇ ಈ ಸೂಜಿಗೆ 24 ಗಂಟೆಯ ಗಡುವು. ಆಮೇಲೆ ಹಾಕಿದರೆ ಪೂರ್ತಿ ವ್ಯರ್ಥವೆಂದಲ್ಲ. ಆದರೆ ದಿನ ಕಳೆದಷ್ಟೂ ಅದರ ಕಸುವು ಇಳಿಯುತ್ತ ಹೋಗುತ್ತದೆ. ಆರನೆಯ ವಾರ ಪೆಂಟಾ ಲಸಿಕೆ ಹಾಕಿಸುತ್ತೇವಲ್ಲ, ಅದರಲ್ಲೂ ಹೆಪಟೈಟಿಸ್ ಬಿ ಇದೆಯಲ್ಲ ಎಂದು ಓದಿದ ತಂದೆಯೊಬ್ಬರು ನನ್ನೊಡನೆ ವಾದಿಸಿದ್ದರು. ಇದೆ, ನಿಜ. ಆದರೆ ತಾಯಿಯಿಂದ ತಗುಲಿದ ಮಗುವಿನ ಮಟ್ಟಿಗೆ ಆರು ವಾರ ಎಂದರೆ ಬಹಳ ತಡ.

ಅಜ್ಜಿಯರ ಆಕ್ಷೇಪ ಬೇರೆ ಥರದ್ದು. ಮೊಮ್ಮಗುವನ್ನು ನೋಡಲು ಸಿಂದಗಿ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ ತೊಟ್ಟಿಲಿಗೆ ಅಡ್ಡವಾಗಿ ನಿಂತೇಬಿಟ್ಟರು.

“ಹುಟ್ಟಿ ಇನ್ನಾ ಒಪ್ಪತ್ತ ಆಗಿಲ್ಲ. ಇಂಥಾ ಹಸಗೂಸಿಗೆ ಸೂಜಿ ಚುಚ್ಚತೀರಲ್ರೀ ಡಾಕ್ಟ್ರ! ನಮ್ಮ ಮನ್ಯಾಗ ಯಾರಿಗೂ ಅಂಥಾ ಬ್ಯಾನಿ ಇಲ್ಲ.”

“ಇಲ್ಲ ಅಂತ ಹೆಂಗ ಗೊತ್ತಾತಬೇ ಯವ್ವಾ? ಅದು ಮಾರಿ ನೋಡಿದ್ರ ತಿಳಿಯೂದಲ್ಲ, ರಕ್ತಾ ನೋಡಬೇಕು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ಅಂದರು: “ನಮ್ಮಣ್ಣ ಒಬ್ಬಾಂವ ಹೊಟ್ಟ್ಯಾಗ ನೀರ ತುಂಬಿ ಹ್ವಾದ. ಕುಡೀತಿದ್ದಿಲ್ಲರೀ ಅಂವ. ಕಾಮಣಿ ಅಂದ್ರು, ಔಷಧ ಕುಡಿಸಿದ್ವಿ, ಉಳೀಲಿಲ್ಲ.”

ಆ ಅಣ್ಣನಿಗೆ ಏನಾಗಿತ್ತೋ, ಪರೀಕ್ಷೆಯೇ ಇಲ್ಲದ ಕಾಲದ ಸಾವಿನ ಬಗ್ಗೆ ಈಗ ತೀರ್ಪು ಕೊಡಲಾಗದು. ಆದರೆ ಕುಡಿಯದವರ ಹೊಟ್ಟೆಯಲ್ಲಿ ನೀರು ತುಂಬಿ ಸತ್ತ ಕಥೆ ನಮ್ಮ ಎಷ್ಟು ಮನೆತನಗಳಲ್ಲಿ ಇಲ್ಲ? ಅಜ್ಜಿ ಪಕ್ಕಕ್ಕೆ ಸರಿದರು. ಕೂಸು ಅರೆ ನಿಮಿಷ ಕಿರುಚಿ, ತಾಯಿಯ ಮೊಲೆಗೆ ಹಚ್ಚಿದ ಕೂಡಲೇ ಸುಮ್ಮನಾಯಿತು.

ಈಗ ತಾಯಿಯ ಮಾತು. ಬಸುರಿನ ಮೊದಲ ತಿಂಗಳುಗಳಲ್ಲಿ ಮಾಡಿಸುವ ರಕ್ತಪರೀಕ್ಷೆಯ ಪಟ್ಟಿಯಲ್ಲಿ ಈ ವೈರಾಣು ಇದೆಯೇ ಎಂದು ತಿಳಿಸುವ ಎಚ್‌ಬಿಎಸ್‌ಎಜಿ ಎಂಬ ಒಂದು ಸಾಲು ಇರುತ್ತದೆ, ಇರಲೇಬೇಕು. ಅದು ‘ಪಾಸಿಟಿವ್’ ಎಂದು ಬಂದ ದಿನ ಕೆಲವು ಮನೆಗಳಲ್ಲಿ ನಡೆಯುವುದನ್ನು ನೆನೆದರೆ ಸಂಕಟವಾಗುತ್ತದೆ. ‘ಎಲ್ಲಿಂದ ತಂದೆ?’ ಎಂದು ಸೊಸೆಯನ್ನು ಕೇಳುತ್ತಾರೆ. ತಟ್ಟೆ ಲೋಟ ಬೇರೆ ಮಾಡುತ್ತಾರೆ. ತಟ್ಟೆ ಲೋಟದಿಂದ ಬರುವುದಿಲ್ಲ ಎಂದು ಆಗಲೇ ಒತ್ತಿ ಹೇಳಿದ್ದು ಇದಕ್ಕೇ. ಇನ್ನು ‘ಎಲ್ಲಿಂದ’ ಎಂಬುದಕ್ಕೆ ಉತ್ತರ: ಹಲವರ ವಿಷಯದಲ್ಲಿ ಅವಳು ಹುಟ್ಟಿದ ದಿನ, ಅವಳ ತಾಯಿಯಿಂದ. ಆ ತಾಯಿಗೂ ಗೊತ್ತಿರಲಿಲ್ಲ. ಬಳೆ, ಸೀರೆಗಳಂತೆ ಇದೂ ತವರಿನಿಂದ ಮಗಳ ಕೈಗೆ ಬಂದುಬಿಡುತ್ತದೆ. ಅದರ ದಾರಿ ಕಡಿಯುವ ಅವಕಾಶ ಈಗ ಈ ತಾಯಿಗೆ ಸಿಕ್ಕಿದೆ. ಅವಳನ್ನು ಹಂಗಿಸಿದರೆ ಮುಂದಿನ ಬಾರಿ ರಿಪೋರ್ಟನ್ನು ಬಚ್ಚಿಡುತ್ತಾಳೆ, ಅದರ ದಂಡ ತೆರುವುದು ಕೂಸು.

ತಾಯಿಗೆ ವೈರಾಣು ಇದ್ದರೆ ಮಾಡಬೇಕಾದ್ದು ಇಷ್ಟು. ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಾಗಿದ್ದರೆ ಏಳನೆಯ ತಿಂಗಳ ಸುಮಾರಿಗೆ ಟೆನೊಫೊವಿರ್ ಮಾತ್ರೆ ಶುರು ಮಾಡುತ್ತಾರೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಮಗು ಹುಟ್ಟಿದ 12 ಗಂಟೆಯೊಳಗೆ ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು. ಇವು ಸರಿಯಾದ ಹೊತ್ತಿಗೆ ಸಿಕ್ಕಿದರೆ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳು ಪಾರಾಗುತ್ತಾರೆ. ಇಮ್ಯುನೊಗ್ಲಾಬ್ಯುಲಿನ್ ದುಬಾರಿ, ಎಲ್ಲ ಕಡೆ ಇರುವುದಿಲ್ಲ. ನೋವು ಶುರುವಾದ ಮೇಲೆ ಅಂಬರನಾಥದಿಂದ ಕಲ್ಯಾಣದವರೆಗೆ ಮೆಡಿಕಲ್ ಅಂಗಡಿ ಹುಡುಕುತ್ತ ಅಲೆಯುವ ಬದಲು ತಿಂಗಳ ಮೊದಲೇ ವೈದ್ಯರನ್ನು ಕೇಳಿ ವ್ಯವಸ್ಥೆ ಮಾಡಿಕೊಳ್ಳಬೇಕು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಮಾತ್ರೆ ಉಚಿತ. ಎದೆಹಾಲು ಧಾರಾಳವಾಗಿ ಕೊಡಬಹುದು. ಮಗುವಿಗೆ ಒಂಬತ್ತು ತಿಂಗಳು ತುಂಬಿ ದಡಾರ ರುಬೆಲಾ ಸೂಜಿಗೆ ಹೋದಾಗ, ಇದರ ರಕ್ತಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ತಾಯಿಯ ರಿಪೋರ್ಟು ನೆಗೆಟಿವ್ ಇದ್ದರೆ ಮಗುವಿಗೆ ಬೇಡವೇ? ಬೇಕು. ಪರೀಕ್ಷೆ ಮಾಡಿಸದ ತಾಯಂದಿರಿದ್ದಾರೆ, ಮಾಡಿಸಿದ ಮೇಲೆ ಸೋಂಕು ತಗುಲಿದವರಿರಬಹುದು, ಮನೆಯಲ್ಲಿ ಮಗುವಿನ ಜೊತೆಗಿರುವವರ ಪೈಕಿ ಯಾರ ರಕ್ತದಲ್ಲಿ ಏನಿದೆಯೋ ಬಲ್ಲವರಾರು? ಅದಕ್ಕೇ ಎಲ್ಲ ಮಕ್ಕಳಿಗೂ ಎಂಬ ನಿಯಮ.

ನಿಯಮ ಹೀಗಿದ್ದೂ ಸೂಜಿ ಏಕೆ ತಪ್ಪುತ್ತದೆ? ಇದರಲ್ಲಿ ನಮ್ಮ ಕಸುಬಿನವರ ಪಾಲೂ ಇದೆ, ಮುಚ್ಚಿಟ್ಟು ಫಲವಿಲ್ಲ. ಸರ್ಕಾರಿ ಸರಬರಾಜಿನ ಒಂದು ಶೀಶೆಯಲ್ಲಿ 10 ಡೋಸ್ ಇರುತ್ತದೆ. ಒಂದು ಮಗುವಿಗಾಗಿ ಹತ್ತರ ಶೀಶೆ ಒಡೆದರೆ ಉಳಿದದ್ದು ಪೋಲಾಗುತ್ತದೆಂಬ ಅಂಜಿಕೆ. ಬಿಸಿಜಿಯ ವಿಷಯದಲ್ಲಿ ಅದು ನಿಜ, ಕಲಸಿದ ನಾಲ್ಕು ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಲೇಬೇಕು. ಅದಕ್ಕಾಗಿ ಬಿಸಿಜಿಗೆ ವಾರದಲ್ಲಿ ದಿನ ಗೊತ್ತುಮಾಡುತ್ತಾರೆ. ಯಾರೋ ‘ಎರಡನ್ನೂ ಒಟ್ಟಿಗೇ ಹಾಕಿದರಾಯ್ತು’ ಎಂದುಕೊಂಡರೆ ಹೆಪಟೈಟಿಸ್ ಬಿಯೂ ಆ ದಿನಕ್ಕೇ ಜಾರುತ್ತದೆ. ಹೆಪಟೈಟಿಸ್ ಬಿ ಶೀಶೆಯನ್ನು ಒಮ್ಮೆ ತೆರೆದರೂ, ಸರಿಯಾಗಿ ತಂಪಿನಲ್ಲಿಟ್ಟರೆ 28 ದಿನ ಬಳಸಬಹುದು. ಅಂಜುವ ಕಾರಣವೇ ಇಲ್ಲ. ಮತ್ತೆ ರಾತ್ರಿ ಎರಡು ಗಂಟೆಗೆ ಹುಟ್ಟಿದ ಮಗು, ಭಾನುವಾರ ಹುಟ್ಟಿದ ಮಗು, ಗಣಪತಿ ಹಬ್ಬದಲ್ಲಿ ಹುಟ್ಟಿದ ಮಗು: ಲಸಿಕೆ ಕೋಣೆಗೆ ಬೀಗ, ಬೀಗದ ಕೈ ಇನ್ನೊಬ್ಬರ ಬಳಿ. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಮಕ್ಕಳ ಡಾಕ್ಟರು ದಿನಕ್ಕೊಮ್ಮೆ ಬಂದು ಹೋಗುವವರು. ಸೂಜಿ ಡಿಸ್ಚಾರ್ಜ್ ದಿನಕ್ಕೆ ಹೋಗುತ್ತದೆ. ಸಿಸೇರಿಯನ್ ಆಗಿದ್ದರೆ ಆ ದಿನ ಬರುವುದು ನಾಲ್ಕೋ ಐದೋ ದಿನದ ಮೇಲೆ. ಕಾರ್ಡಿನಲ್ಲಿ ಮಾತ್ರ ‘ಜನನದ ಡೋಸ್’ ಎಂಬ ಚೌಕದಲ್ಲಿ ಟಿಕ್ ಬಿದ್ದಿರುತ್ತದೆ! ಪಕ್ಕದಲ್ಲಿ ಬರೆದ ತಾರೀಖನ್ನು ಓದುವವರು ಯಾರು?

ಚೆನ್ನಾಗಿ ನಡೆಯುವ ಕಡೆ ಈ ಕೆಲಸವನ್ನು ನೋಡುವುದೇ ಒಂದು ಸಂತೋಷ. ಸಿಸ್ಟರ್ ಶೀಶೆ ಎತ್ತಿ ಮೊದಲು ನೋಡುವುದು ಅದರ ಮೇಲಿನ ನೇರಳೆ ವೃತ್ತವನ್ನು. ಅದರ ನಡುವೆ ಒಂದು ತಿಳಿ ಬಣ್ಣದ ಚೌಕವಿರುತ್ತದೆ. ಬಿಸಿ ತಾಕಿದಷ್ಟೂ ಆ ಚೌಕ ಕಪ್ಪೇರುತ್ತದೆ, ವೃತ್ತದಷ್ಟೇ ಗಾಢವಾದರೆ ಶೀಶೆಯನ್ನು ಎಸೆಯಬೇಕು. ಬಿಸಿಗಿಂತ ಈ ಮದ್ದಿಗೆ ದೊಡ್ಡ ಶತ್ರು ಹೆಪ್ಪುಗಟ್ಟುವ ಚಳಿ. ಎರಡರಿಂದ ಎಂಟು ಡಿಗ್ರಿಯೊಳಗೇ ಇರಬೇಕು. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಕಣ್ಣಿಗೆ ಮದ್ದಿನಂತೆ ಕಂಡರೂ ಸತ್ವವಿಲ್ಲ. ಅದಕ್ಕಾಗಿ ಪೆಟ್ಟಿಗೆಗೆ ಇಡುವ ಐಸ್ ಪ್ಯಾಕನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಒಳಗಿಡುತ್ತಾರೆ. ಒಮ್ಮೆ ಬಳಸಿದರೆ ತಾನೇ ಬಂದಾಗುವ ಸಿರಿಂಜು. ತೊಡೆಯ ಹೊರಮಗ್ಗುಲಿಗೆ ನೇರವಾಗಿ ಚುಚ್ಚುತ್ತಾರೆ, ಕುಂಡೆಗೆ ಹಾಕುವುದಿಲ್ಲ.

ಆ ಶೀಶೆಯ ಹಿಂದಿನ ಕಥೆಯನ್ನೂ ಸ್ವಲ್ಪ ಹೇಳಬೇಕು. ಅಮೆರಿಕದ ಬರೂಕ್ ಬ್ಲಂಬರ್ಗ್ 1960ರ ದಶಕದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ಒಂದು ಪ್ರೋಟೀನಿನ ಜಾಡು ಹಿಡಿದು ಈ ವೈರಾಣುವನ್ನು ಪತ್ತೆ ಮಾಡಿದರು. 1976ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಹುಟ್ಟಿದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ. ನಮ್ಮ ಹಿತ್ತಿಲ ನೆಲನೆಲ್ಲಿ ಕಾಮಾಲೆಗೆ ಮದ್ದು ಎನ್ನುತ್ತಾರಲ್ಲ, ಅದನ್ನು ಮದರಾಸಿನ ವಿಜ್ಞಾನಿಗಳು ಇದೇ ಬ್ಲಂಬರ್ಗ್ ಜೊತೆಗೂಡಿ ಪರೀಕ್ಷಿಸಿ 1988ರಲ್ಲಿ ಆಶಾದಾಯಕ ಫಲಿತಾಂಶ ಪ್ರಕಟಿಸಿದ್ದರು. ಆಮೇಲೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ನೆಲನೆಲ್ಲಿಯ ಬಗ್ಗೆ ನನಗೆ ತಾತ್ಸಾರವಿಲ್ಲ, ಆದರೆ ಈ ವೈರಾಣುವಿನ ಎದುರು ಅದನ್ನು ನಂಬಿ ಕೂರುವಂತಿಲ್ಲ.

ಈಗಿನ ಲಸಿಕೆಯಲ್ಲಿ ವೈರಾಣುವೇ ಇಲ್ಲ. ಅದರ ಹೊರಪದರದ ಪ್ರೋಟೀನನ್ನು ಮಾತ್ರ ಯೀಸ್ಟ್ ಕಣಗಳಲ್ಲಿ ಬೆಳೆಸುತ್ತಾರೆ. ಹೊರದೇಶದಿಂದ ಬರುತ್ತಿದ್ದ ಕಾಲದಲ್ಲಿ ಅದರ ಬೆಲೆ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. ಹೈದರಾಬಾದಿನ ವರಪ್ರಸಾದ ರೆಡ್ಡಿ ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿದ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀ ಲಸಿಕೆಯನ್ನು ತಂದ ಮೇಲೆ ಬೆಲೆ ಧಡಕ್ಕನೆ ಇಳಿಯಿತು. ಆಗಿನ ವರ್ಷಗಳಲ್ಲಿ ‘ಏಡ್ಸ್‌ಗಿಂತ ಭಯಂಕರ’ ಎಂದು ಹೆದರಿಸಿ ಸೊಸೈಟಿ, ಶಾಲೆ, ಕ್ಲಬ್ಬುಗಳಲ್ಲಿ ನಡೆಸಿದ ಲಸಿಕೆ ಶಿಬಿರಗಳು ಕೆಲವರಿಗೆ ನೆನಪಿರಬೇಕು. ದೊಡ್ಡವರು ಸಾಲುಗಟ್ಟಿ ತೋಳು ಚಾಚಿದರು. ಎಲ್ಲರಿಗಿಂತ ಮೊದಲು ಸಿಗಬೇಕಾದ ನವಜಾತ ಶಿಶುವಿಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ಸರ್ಕಾರ 2002ರಲ್ಲಿ ಕೆಲವು ಜಿಲ್ಲೆ, ನಗರಗಳಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿ, ಇಡೀ ದೇಶಕ್ಕೆ ವಿಸ್ತರಿಸಿದ್ದು 2011ರಲ್ಲಿ. ತೈವಾನ್ 1984ರಲ್ಲೇ ಶಿಶುಗಳಿಗೆ ಕೊಡಲು ಆರಂಭಿಸಿತ್ತು. ಅಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಸುಮಾರು ಅರ್ಧಕ್ಕಿಳಿದ ವರದಿ 1997ರಲ್ಲಿ ಪ್ರಕಟವಾಯಿತು. ಅಂದರೆ ಇದು ಕ್ಯಾನ್ಸರ್ ತಡೆಯುವ ಲಸಿಕೆಯೂ ಹೌದು.

ಇನ್ನೊಂದು ಅಪಾರ್ಥ. ‘ಕಾಮಾಲೆ ಬಾರದಂತೆ ಸೂಜಿ ಹಾಕಿದಿರಿ, ಮೂರನೇ ದಿನಕ್ಕೇ ಮಗು ಹಳದಿಯಾಯಿತು’ ಎಂದು ಜಗಳಕ್ಕೆ ಬರುವವರಿದ್ದಾರೆ. ಹುಟ್ಟಿದ ಎರಡು ಮೂರನೆಯ ದಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸ್ವಲ್ಪ ಹಳದಿಯಾಗುತ್ತವೆ, ಸೂಜಿ ಹಾಕಿದರೂ ಹಾಕದಿದ್ದರೂ. ಹಳೆಯ ರಕ್ತಕಣ ಒಡೆದು ಬರುವ ಬಿಲಿರುಬಿನ್ನನ್ನು ಎಳೆಯ ಲಿವರ್ ಬೇಗ ವಿಲೇವಾರಿ ಮಾಡಲಾರದು, ಅಷ್ಟೇ. ಮೊದಲ ದಿನವೇ ಹಳದಿಯಾದರೆ, ಅಂಗೈ ಅಂಗಾಲಿಗೂ ಹಬ್ಬಿದರೆ, ಮಗು ಹಾಲು ಬಿಟ್ಟರೆ ತಡಮಾಡದೆ ತೋರಿಸಬೇಕು. ಆದರೆ ಅದಕ್ಕೂ ಹೆಪಟೈಟಿಸ್ ಬಿ ಲಸಿಕೆಗೂ ಸಂಬಂಧವಿಲ್ಲ.

ಕೊನೆಗೆ ಕಾರ್ಡಿನ ವಿಷಯ. ತವರಿನಲ್ಲಿ ಹೆತ್ತವಳು ಕರ್ನಾಟಕದ ‘ತಾಯಿ ಕಾರ್ಡ್’ ಹಿಡಿದು ಮೂರನೆಯ ತಿಂಗಳೋ ಐದನೆಯ ತಿಂಗಳೋ ಇಲ್ಲಿಗೆ ಬರುತ್ತಾಳೆ. ಅಲ್ಲಿ ಒಂದು ಪೆಂಟಾ, ಇಲ್ಲಿ ಒಂದು, ನಡುವಿನದು ಪ್ರಯಾಣದಲ್ಲಿ ಕಳೆದುಹೋಗಿರುತ್ತದೆ. ಪೆಂಟಾ ಆರು, ಹತ್ತು, ಹದಿನಾಲ್ಕನೆಯ ವಾರಕ್ಕೆ. ಕರ್ನಾಟಕದ ಕಾರ್ಡು ಮಹಾರಾಷ್ಟ್ರದಲ್ಲಿ ನಡೆಯುವುದಿಲ್ಲ ಎಂಬುದು ಸುಳ್ಳು. ಆಶಾ ಕಾರ್ಯಕರ್ತೆಗೆ ತೋರಿಸಿ, ಮುಂದಿನ ಸೂಜಿ ಇಲ್ಲೇ ಹಾಕುತ್ತಾರೆ. ಒಂದು ತಪ್ಪಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು.

ಕೇಳುಗರೆ, ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಎರಡು ಕೆಲಸ ಮಾಡಿ. ಅವಳ ಎಚ್‌ಬಿಎಸ್‌ಎಜಿ ಪರೀಕ್ಷೆ ಆಗಿದೆಯೇ ಎಂದು ಈ ವಾರವೇ ಫೈಲು ತೆಗೆದು ನೋಡಿ, ಆಗಿಲ್ಲದಿದ್ದರೆ ಮಾಡಿಸಿ. ಹೆರಿಗೆಗೆ ಗೊತ್ತುಮಾಡಿದ ಆಸ್ಪತ್ರೆ ಅಂಬರನಾಥದ್ದಾಗಲಿ, ಇಂಡಿ ಊರಿನದ್ದಾಗಲಿ, ಕಾರ್ಕಳದ್ದಾಗಲಿ, ‘ರಾತ್ರಿ ಹೊತ್ತು, ರಜೆಯ ದಿನ ಹುಟ್ಟಿದರೂ ಮೊದಲ 24 ಗಂಟೆಯಲ್ಲಿ ಹೆಪಟೈಟಿಸ್ ಬಿ ಹಾಕುತ್ತೀರಾ?’ ಎಂದು ಹೋಗಿ ಕೇಳಿ. ಹೆರಿಗೆ ಆದ ಮೇಲೆ ಸಂಕೋಚಪಡದೆ ಮತ್ತೊಮ್ಮೆ ಕೇಳಿ, ಕಾರ್ಡಿನಲ್ಲಿ ತಾರೀಖಿನ ಜೊತೆ ವೇಳೆಯನ್ನೂ ಬರೆಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಒಂದು ಪೈಸೆಯೂ ಕೊಡಬೇಕಾಗಿಲ್ಲ.